ಬರೋಲೋದ ಕನ್ನೂಬಿ ಗುಡ್ಡ: ಅಷ್ಟೊಂದು ಬೆಲೆ ನಿಜವಾಗಿಯೂ ಮಣ್ಣಿಗೆಯೇ?

ದಾವಣಗೆರೆಯವ (ಟುರಿನ್)

ನಾನು ಇಟಲಿಯ ಟುರಿನ್‌ನಲ್ಲಿ ಎಂಜಿನಿಯರ್. ವೈನ್ ಬಗ್ಗೆ ನನಗೆ ಗೊತ್ತಿರುವುದು ಅಷ್ಟಕ್ಕಷ್ಟೇ. ಕಳೆದ ವಾರ ಕಚೇರಿಯವರೊಂದಿಗೆ, ಅದೇ ಹೆಸರಿನ ಕೆಂಪು ವೈನ್‌ಗೆ ಹೆಸರಾದ ಬರೋಲೋ ಊರಿಗೆ ಹೋಗಿದ್ದೆ. ಊರಿನಿಂದ ಈಶಾನ್ಯಕ್ಕೆ ಚಾಚಿಕೊಂಡಿರುವ, ದ್ರಾಕ್ಷಿ ತೋಟಗಳ ಉದ್ದನೆಯ ದಿಣ್ಣೆಯೊಂದನ್ನು ತೋರಿಸಿ, "ಇದೇ ಕನ್ನೂಬಿ" ಎಂದರು. ಹೇಳುವಾಗ ಅವರ ದನಿಯಲ್ಲಿ ಭಕ್ತಿಯೇ ಇತ್ತು. ನನಗೆ ಕಂಡದ್ದು ಮಾತ್ರ ಸುತ್ತಲಿನ ಗುಡ್ಡಗಳಿಗಿಂತ ಗಿಡ್ಡವಾದ, ಯಾವ ಠೀವಿಯೂ ಇಲ್ಲದ ಒಂದು ದಿಬ್ಬ.

ಆಮೇಲೆ ಅಂಗಡಿಗೆ ಹೋದೆವು. ಒಬ್ಬನೇ ಉತ್ಪಾದಕನ, ಒಂದೇ ವರ್ಷದ ಎರಡು ಬಾಟಲಿಗಳು. ಒಂದರ ಮೇಲೆ ಬರೀ ಬರೋಲೋ, ಇನ್ನೊಂದರ ಮೇಲೆ ಬರೋಲೋ ಕನ್ನೂಬಿ. ಎರಡನೆಯದರ ಬೆಲೆ ದುಪ್ಪಟ್ಟಿಗೂ ಹೆಚ್ಚು. ದ್ರಾಕ್ಷಿ ತಳಿ ಎರಡಕ್ಕೂ ನೆಬ್ಬಿಯೋಲೋ. ಕಾನೂನಿನ ಪ್ರಕಾರ ಎರಡೂ 38 ತಿಂಗಳು ಮಾಗಿರಲೇಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಹಾಗಾದರೆ ಉಳಿದ ವ್ಯತ್ಯಾಸ ಎಲ್ಲಿಂದ ಬಂತು? ಕೇಳಿದರೆ ಎಲ್ಲರೂ "ಮಣ್ಣು, ಮಣ್ಣು" ಎನ್ನುತ್ತಾರೆ. ಮಣ್ಣಿನಲ್ಲಿ ಏನಿದೆ ಎಂದು ಮರುಪ್ರಶ್ನೆ ಹಾಕಿದರೆ ಕೈ ಆಡಿಸಿ ಸುಮ್ಮನಾಗುತ್ತಾರೆ.

ಇದು ಮಾರಾಟದ ಚಮತ್ಕಾರವೋ, ಇಲ್ಲವೇ ಅಳೆದು ತೋರಿಸಬಹುದಾದ ಕಾರಣವಿದೆಯೋ? ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.

---

ಮಲೆನಾಡು ಅಲ್ಬಾ

ಕೈ ಆಡಿಸಿದವರ ಮೇಲೆ ಕೋಪ ಬೇಡ. ಇಲ್ಲಿನವರಿಗೆ ಅದು ಅಪ್ಪನಿಂದ ಬಂದ ತಿಳಿವಳಿಕೆ, ವಿವರಿಸಿ ಅಭ್ಯಾಸವಿಲ್ಲ. ನಾನು ಶಿರಸಿ ಕಡೆಯವಳು, ತೋಟಗಾರಿಕೆ ಓದಿದವಳು. ವೈನ್ ತಯಾರಿಕೆ ಕಲಿಯಲು ಬರೋಲೋ ಹತ್ತಿರದ ಅಲ್ಬಾ ಊರಿಗೆ ಬಂದು ಇಲ್ಲೇ ಒಂದು ವೈನ್ ಮಾಳಿಗೆಯಲ್ಲಿ ಕೆಲಸಕ್ಕೆ ನಿಂತಿದ್ದೇನೆ. ಯಾವ ಮಾಳಿಗೆ ಎಂದು ಹೇಳುವುದಿಲ್ಲ, ನಮಗೆ ಕನ್ನೂಬಿಯಲ್ಲಿ ಒಂದು ಸಾಲೂ ಇಲ್ಲ ಎಂಬುದನ್ನು ಮಾತ್ರ ಹೇಳಿಬಿಡುತ್ತೇನೆ.

ಮೊದಲು ಮಣ್ಣನ್ನು ಪಕ್ಕಕ್ಕಿಟ್ಟು ಸೂರ್ಯನನ್ನು ನೋಡೋಣ. ಬರೋಲೋ ಇರುವುದು ಉತ್ತರ ಅಕ್ಷಾಂಶ 44.6ರ ಆಸುಪಾಸಿನಲ್ಲಿ. ನೆಬ್ಬಿಯೋಲೋ ಬಹಳ ಹಟದ ತಳಿ. ಏಪ್ರಿಲ್ ಮೊದಲ ಭಾಗದಲ್ಲೇ, ಉಳಿದವರಿಗಿಂತ ಮುಂಚೆ ಚಿಗುರುತ್ತದೆ. ಹಣ್ಣಾಗುವುದು ಎಲ್ಲರಿಗಿಂತ ಕೊನೆಗೆ. ಸಾಂಪ್ರದಾಯಿಕವಾಗಿ ಅದರ ಕೊಯ್ಲು ಅಕ್ಟೋಬರ್ ನಡುವಿನಿಂದ ಕೊನೆಯವರೆಗೆ. ಆ ಹೊತ್ತಿಗೆ ಇಲ್ಲಿ ನಡುಮಧ್ಯಾಹ್ನದ ಸೂರ್ಯನೂ ದಿಗಂತದಿಂದ ಸುಮಾರು 36 ಡಿಗ್ರಿಗಿಂತ ಮೇಲೇರುವುದಿಲ್ಲ. ಎಂಜಿನಿಯರ್ ಎಂದಿರಿ, ಲೆಕ್ಕ ನೀವೇ ಹಾಕಿ. ದಕ್ಷಿಣಕ್ಕೆ 20 ಡಿಗ್ರಿ ವಾಲಿದ ನೆಲದ ಮೇಲೆ ಆ ಬಿಸಿಲು 56 ಡಿಗ್ರಿಯಲ್ಲಿ ಬೀಳುತ್ತದೆ. ಸಮತಟ್ಟಾದ ನೆಲಕ್ಕಿಂತ ಚದರ ಮೀಟರಿಗೆ ಸುಮಾರು ಶೇಕಡ 40ರಷ್ಟು ಹೆಚ್ಚು ನೇರ ಬಿಸಿಲು. ಅದೇ ಗುಡ್ಡದ ಬೆನ್ನಿನ ಕಡೆ, ಉತ್ತರಕ್ಕೆ 20 ಡಿಗ್ರಿ ವಾಲಿದ್ದರೆ ಸಿಗುವುದು ಸಮತಟ್ಟು ನೆಲಕ್ಕೆ ಸಿಗುವುದರ ಅರ್ಧಕ್ಕೂ ಕಡಿಮೆ. ಒಂದೇ ಗುಡ್ಡ, ಒಂದೇ ಮಣ್ಣು, ಹತ್ತು ನಿಮಿಷದ ನಡಿಗೆ. ಒಂದು ಕಡೆ ನೆಬ್ಬಿಯೋಲೋ ಹಣ್ಣಾಗುತ್ತದೆ, ಇನ್ನೊಂದು ಕಡೆ ಹುಳಿಯಾಗಿಯೇ ಉಳಿಯುತ್ತದೆ.

ಹಾಗಾಗಿ ಬರೋಲೋದ ನಿಯಮಾವಳಿಯೇ ಉತ್ತರದ ಇಳಿಜಾರನ್ನು ಹೊರಗಿಟ್ಟಿದೆ. ಅಲ್ಲಿ ಏನು ಬೆಳೆಯುತ್ತಾರೆ ಎಂದರೆ ಹೇಝಲ್‌ನಟ್. ಅಲ್ಬಾದಲ್ಲಿ ನ್ಯೂಟೆಲ್ಲಾ ತಯಾರಿಸುವ ಫೆರೇರೋ ಕಾರ್ಖಾನೆ ಇರುವುದು ಸುಮ್ಮನೆ ಅಲ್ಲ. ಗುಡ್ಡದ ಬುಡದಲ್ಲಿ, ತಂಪು ಮೂಲೆಗಳಲ್ಲಿ ಬೇಗ ಹಣ್ಣಾಗುವ ದೋಲ್ಚೆತ್ತೋ ತಳಿ ಇರುತ್ತದೆ, ನಡುವಿನ ಮಟ್ಟದ ಜಾಗಗಳಲ್ಲಿ ಬಾರ್ಬೆರಾ. ಅತ್ಯುತ್ತಮ ಬಿಸಿಲಿನ ಭಾಗ ನೆಬ್ಬಿಯೋಲೋಗೆ ಮೀಸಲು. ಹಳಬರು ಜಾಗವನ್ನು ಆರಿಸುತ್ತಿದ್ದ ಬಗೆಯೂ ಸರಳ: ಚಳಿಗಾಲದ ಕೊನೆಯಲ್ಲಿ ಹಿಮ ಮೊದಲು ಎಲ್ಲಿ ಕರಗುತ್ತದೆ ಎಂದು ನೋಡುತ್ತಿದ್ದರು. ಉಪಕರಣ ಏನೂ ಬೇಕಾಗಿರಲಿಲ್ಲ.

ಈಗ ನಿಮಗೆ ಗಿಡ್ಡವಾಗಿ ಕಂಡ ಆ ದಿಬ್ಬದ ವಿಚಾರ. ಗಿಡ್ಡವಾಗಿರುವುದೇ ಅದರ ಭಾಗ್ಯ. ಕನ್ನೂಬಿಯ ನೆತ್ತಿ ಮುನ್ನೂರು ಮೀಟರಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಅದರ ಆಚೆ ವಾಯವ್ಯಕ್ಕೆ ಲಾ ಮೋರ್ರಾ ಊರು ಐನೂರು ಮೀಟರಿಗೂ ಮೇಲೆ ನಿಂತಿದೆ, ದಕ್ಷಿಣಕ್ಕೆ ನೊವೆಲ್ಲೋ ಮತ್ತು ಮೊನ್‌ಫೋರ್ತೆಯ ಎತ್ತರದ ಬೆನ್ನು. ಆಲ್ಪ್ಸ್ ಕಡೆಯಿಂದ ಬರುವ ಬಿರುಗಾಳಿಯ ರಭಸವನ್ನು ಆ ಎತ್ತರದ ಗುಡ್ಡಗಳು ತಡೆದುಕೊಳ್ಳುತ್ತವೆ. ಆಲಿಕಲ್ಲಿನಿಂದ ಪೂರ್ತಿ ಪಾರು ಎಂದು ಯಾರೂ ಎದೆ ತಟ್ಟಿ ಹೇಳುವಂತಿಲ್ಲ, 2002ರಲ್ಲಿ ಬಿದ್ದ ಆಲಿಕಲ್ಲನ್ನು ನೆನೆದರೆ ಇಲ್ಲಿನವರು ಈಗಲೂ ತಲೆ ಚಚ್ಚಿಕೊಳ್ಳುತ್ತಾರೆ. ಆದರೂ ಮರೆ ಎಂಬುದು ಮರೆಯೇ.

ಅತಿ ಕೆಳಗಿದ್ದರೂ ಕಷ್ಟ. ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ಕಣಿವೆಗೆ ಇಳಿದು ನಿಲ್ಲುತ್ತದೆ. ಏಪ್ರಿಲ್‌ನಲ್ಲಿ ಹಾಗೆ ನಿಂತ ಗಾಳಿ ಶೂನ್ಯಕ್ಕಿಂತ ಕೆಳಗಿಳಿದರೆ ಇಬ್ಬನಿ ಹೆಪ್ಪುಗಟ್ಟಿ ಎಳೆಯ ಚಿಗುರು ಕರಕಲಾಗುತ್ತದೆ. 2017ರ ಏಪ್ರಿಲ್‌ನಲ್ಲಿ ತಗ್ಗಿನ ತೋಟಗಳಿಗೆ ಆದದ್ದು ಇದೇ. ಇಳಿಜಾರಿನ ನಡುಭಾಗದಲ್ಲಿ ಆ ಗಾಳಿ ನಿಲ್ಲುವುದಿಲ್ಲ, ಹರಿದು ಹೋಗುತ್ತದೆ. ಕನ್ನೂಬಿಯ ಮುಖ್ಯ ಮುಖ ಆಗ್ನೇಯಕ್ಕಿದೆ. ಬೆಳಗಿನ ಬಿಸಿಲು ನೇರ ಬಿದ್ದು ಗೊಂಚಲಿನ ತೇವವನ್ನು ಬೇಗ ಒಣಗಿಸುತ್ತದೆ, ಬೂಸ್ಟು ಹಿಡಿಯುವುದು ಕಡಿಮೆ. ಪಶ್ಚಿಮಕ್ಕೆ ಮುಖ ಮಾಡಿದ ಇಳಿಜಾರಿಗೆ ಬಿಸಿಲು ಬರುವುದು ಗಾಳಿ ಆಗಲೇ ಕಾದ ಮೇಲೆ, ಮಧ್ಯಾಹ್ನದ ನಂತರ. ಅಲ್ಲಿನ ಸಿಪ್ಪೆ ಬೇಸಿಗೆಯಲ್ಲಿ ಬಾಡುತ್ತದೆ.

ಇಷ್ಟು ಹೇಳಿದ ಮೇಲೆ ಮಣ್ಣಿಗೆ ಬರುತ್ತೇನೆ, ಆದರೆ ಮಾಳಿಗೆಯಿಂದ ಕರೆಯುತ್ತಿದ್ದಾರೆ. ಪಂಪಿನ ಪೈಪು ಯಾರೋ ತೊಳೆಯದೆ ಬಿಟ್ಟಿದ್ದಾರೆ. ಉಳಿದದ್ದು ರಾತ್ರಿ.

---

ತಿಕೋಟಾ ದ್ರಾಕ್ಷಿ

ಮೇಡಂ, ನಮ್ಮದು ವಿಜಯಪುರ ಜಿಲ್ಲೆ, ಒಣದ್ರಾಕ್ಷಿ ಬೆಳೆಗಾರರು. ನಿಮ್ಮ ಬಿಸಿಲಿನ ಲೆಕ್ಕವನ್ನು ನಮ್ಮ ಹೊಲಕ್ಕೆ ಹಾಕಿ ನೋಡಿದೆ. ನಮ್ಮಲ್ಲಿ ಅಕ್ಟೋಬರ್ ನಡುವಿನಲ್ಲೂ ಸೂರ್ಯ 64 ಡಿಗ್ರಿ ಮೇಲಿರುತ್ತಾನೆ. ಅದೇ 20 ಡಿಗ್ರಿ ಇಳಿಜಾರು ಕೊಟ್ಟರೂ ಲಾಭ ಹತ್ತರಲ್ಲಿ ಒಂದು ಪಾಲು. ನಮಗೆ ಬಿಸಿಲು ಹುಡುಕುವ ಕೆಲಸವೇ ಇಲ್ಲ, ನೆರಳು ಹುಡುಕುವುದೇ ಕೆಲಸ. ಹೊಲ ಸಪಾಟಾಗಿದ್ದಷ್ಟೂ ಡ್ರಿಪ್ ಹಾಕಲು ಒಳ್ಳೆಯದು ಎನ್ನುವವರು ನಾವು. ಅವರು ಇಳಿಜಾರನ್ನು ಏಕೆ ಪೂಜೆ ಮಾಡುತ್ತಾರೆ ಎಂಬುದು ಈಗ ತಲೆಗೆ ಹೋಯಿತು.

ನನ್ನ ಎರಡು ಪ್ರಶ್ನೆ. ನಾವು ವರ್ಷಕ್ಕೆ ಎರಡು ಚಾಟ್ನಿ (ಬಳ್ಳಿ ಸವರುವುದು) ಮಾಡುತ್ತೇವೆ, ಏಪ್ರಿಲ್‌ದು ಕಡ್ಡಿಗಾಗಿ, ಅಕ್ಟೋಬರ್‌ದು ಹಣ್ಣಿಗಾಗಿ. ಅಲ್ಲಿ ಬಳ್ಳಿ ಚಳಿಗೆ ತಾನೇ ಮಲಗುತ್ತದಾದ್ದರಿಂದ ಒಂದೇ ಚಾಟ್ನಿ ಇರಬೇಕು, ಸರಿಯೇ? ಎರಡನೆಯದು, ನಮ್ಮಲ್ಲಿ ಉಪ್ಪು ನೀರು, ಸುಣ್ಣದ ನೆಲ ಎಂದು ಡಾಗ್‌ರಿಡ್ಜ್ ಬೇರಿಗೆ ಕಸಿ ಕಟ್ಟುತ್ತೇವೆ. ಅಲ್ಲಿಯೂ ಕಸಿಯೇ? ಅಷ್ಟು ಹೆಸರಾದ ಮಣ್ಣಿನಲ್ಲಿ ಬಳ್ಳಿ ಸ್ವಂತ ಬೇರಿನ ಮೇಲೆ ನಿಲ್ಲುವುದಿಲ್ಲವೇ?

ನೀರು ಕಟ್ಟದೆ ದ್ರಾಕ್ಷಿ ಬೆಳೆಯುತ್ತಾರೆ ಎಂದು ಕೇಳಿದ್ದೇನೆ. ಅದು ಮಾತ್ರ ನಂಬಲು ಆಗುತ್ತಿಲ್ಲ.

---

ನಿವೃತ್ತ ಭೂವಿಜ್ಞಾನಿ

ಮಣ್ಣಿನ ವಿಷಯ ಬಂದದ್ದರಿಂದ ನಡುವೆ ಬಾಯಿ ಹಾಕುತ್ತಿದ್ದೇನೆ. ಮಗಳ ಮನೆ ಮಿಲಾನ್‌ನಲ್ಲಿದೆ, ಬರೋಲೋ ಸುತ್ತಲಿನ ಲಾಂಗೆ ಗುಡ್ಡಗಳ ರಸ್ತೆ ಬದಿಯ ಸೀಳುಗಳನ್ನು ನೋಡುತ್ತ ನಿಲ್ಲುವುದು ನನ್ನ ಚಟ.

ಇಡೀ ಪ್ರದೇಶ ಸಮುದ್ರದ ತಳವಾಗಿತ್ತು. ಪದರಗಳು ವಾಯವ್ಯಕ್ಕೆ ವಾಲಿವೆ, ಆದ್ದರಿಂದ ಪೂರ್ವ ಮತ್ತು ಆಗ್ನೇಯದಲ್ಲಿ, ಸೆರ್ರಲುಂಗಾ ಕಡೆ, ಹಳೆಯ ಪದರಗಳು ಮೇಲೆ ಕಾಣುತ್ತವೆ. ಪಶ್ಚಿಮದಲ್ಲಿ, ಲಾ ಮೋರ್ರಾ ಕಡೆ, ಹೊಸವು. ಪಶ್ಚಿಮದ್ದು ಸಾಂತಾಗಾತಾ ಪಳೆಯುಳಿಕೆ ಮಾರ್ಲ್, ಎಂದರೆ ಸುಣ್ಣ ಬೆರೆತ ನೀಲಿ-ಬೂದು ಜೇಡಿ. ಅದು ಟೋರ್ಟೋನಿಯನ್ ಕಾಲದ್ದು, 1.16 ಕೋಟಿಯಿಂದ 72 ಲಕ್ಷ ವರ್ಷಗಳ ನಡುವಿನದು. ನಡುವೆ ಕಾಸ್ತಿಲಿಯೋನೆ ಫಲ್ಲೆತ್ತೋ ಕಡೆ ದಿಯಾನೋ ಮರಳುಗಲ್ಲು. ಪೂರ್ವದಲ್ಲಿ ಲೆಕ್ವಿಯೋ ಪದರಗಳು: ಗಟ್ಟಿ ಮಾರ್ಲ್, ಮರಳು, ಮತ್ತೆ ಮಾರ್ಲ್ ಎಂದು ಒಂದರ ಮೇಲೊಂದು. ಹಳೆಯ ವೈನ್ ಪುಸ್ತಕಗಳು ಪೂರ್ವದ ನೆಲವನ್ನು ಹೆಲ್ವೇಷಿಯನ್ ಎಂದು ಕರೆಯುತ್ತವೆ. ಆ ಹೆಸರನ್ನು ಭೂವಿಜ್ಞಾನ ಬಿಟ್ಟು ಬಹಳ ಕಾಲವಾಯಿತು, ವೈನ್ ಮಾರುವವರು ಇನ್ನೂ ಬಿಟ್ಟಿಲ್ಲ.

ಕನ್ನೂಬಿಯಲ್ಲಿ "ಎರಡು ಭೂಯುಗಗಳು ಕೈ ಕುಲುಕುತ್ತವೆ" ಎಂದು ಪ್ರವಾಸಿಗರಿಗೆ ಹೇಳುವುದನ್ನು ಕೇಳಿದ್ದೇನೆ. ಕೇಳಲು ಚೆನ್ನಾಗಿದೆ, ಆದರೆ ಬಳ್ಳಿಗೆ ಕಲ್ಲಿನ ವಯಸ್ಸು ಏನು ಗೊತ್ತು? ಬೇರಿಗೆ ಬೇಕಾದದ್ದು ಕಣದ ಗಾತ್ರ. ಕನ್ನೂಬಿಯಲ್ಲಿ ಮಾರ್ಲ್‌ಗೆ ಮರಳು ಚೆನ್ನಾಗಿ ಬೆರೆತಿದೆ, ವಿಷಯ ಅಷ್ಟೇ.

ಇನ್ನೊಂದು ಮಾತು. ತಾನಾರೋ ನದಿ ಹಿಂದೆ ಬ್ರಾ ಊರಿನ ಹತ್ತಿರದಿಂದ ಉತ್ತರಕ್ಕೆ ಹರಿದು ಪೋ ನದಿಯನ್ನು ಸೇರುತ್ತಿತ್ತು. ಪೂರ್ವದ ತಗ್ಗಿನಲ್ಲಿ ಹರಿಯುತ್ತಿದ್ದ ಇನ್ನೊಂದು ನದಿ ಹಿಂದೆ ಹಿಂದೆ ಕೊರೆಯುತ್ತ ಬಂದು ಅದನ್ನು ಸೆಳೆದುಕೊಂಡಿತು. ತಾನಾರೋ ಒಮ್ಮೆಲೇ ಆಳಕ್ಕಿಳಿದಾಗ ಅದನ್ನು ಸೇರುವ ಹಳ್ಳಗಳೆಲ್ಲ ಆಳಕ್ಕೆ ಕೊರೆದವು. ಲಾಂಗೆಯ ಗುಡ್ಡಗಳು ಇಷ್ಟು ಕಡಿದಾಗಿರುವುದು ಅದರಿಂದ. ನದಿಯ ಆ ಕಳ್ಳತನ ನಡೆಯದಿದ್ದರೆ ಮೇಡಂ ಹೇಳಿದ ಇಳಿಜಾರೂ ಇಲ್ಲ, ಬಿಸಿಲಿನ ಲೆಕ್ಕವೂ ಇಲ್ಲ.

---

ಮಲೆನಾಡು ಅಲ್ಬಾ

ಸರ್, ನನ್ನ ಅರ್ಧ ಕೆಲಸ ನೀವೇ ಮುಗಿಸಿದಿರಿ, ಧನ್ಯವಾದ. ಕಣದ ಗಾತ್ರದಿಂದಲೇ ಮುಂದುವರಿಯುತ್ತೇನೆ.

ಲಾ ಮೋರ್ರಾ ಕಡೆಯ ಮಾರ್ಲ್ ಹೆಂಟೆಯೊಂದನ್ನು ಒಡೆದರೆ ಒಳಗೆ ತಣ್ಣನೆಯ ನೀಲಿ-ಬೂದು ಬಣ್ಣ. ಬಿಸಿಲಿಗಿಟ್ಟರೆ ಮಧ್ಯಾಹ್ನದೊಳಗೆ ಬೆಳ್ಳಗಾಗಿ ಅಂಚಿನಿಂದ ಸಣ್ಣ ಸಣ್ಣ ಚೂರುಗಳಾಗಿ ಬಿರಿಯುತ್ತದೆ. ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟರೆ ಸುಣ್ಣ ಬುಸುಗುಡುತ್ತದೆ. ಮಳೆ ಬಂದ ಮರುದಿನ ಅದೇ ಮಣ್ಣು ಬೂಟಿಗೆ ರುಬ್ಬಿದ ಉದ್ದಿನ ಹಿಟ್ಟಿನಂತೆ ಅಂಟಿ, ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಕಾಲು ಎತ್ತಲಾಗುವುದಿಲ್ಲ. ಕನ್ನೂಬಿಯ ಹೆಂಟೆ ಬೇರೆ. ಬೆರಳಿನಲ್ಲಿ ಒತ್ತಿದರೆ ಪುಡಿಯಾಗುತ್ತದೆ, ಉಗುರಿನ ಸಂದಿಯಲ್ಲಿ ಮರಳಿನ ಕರಕರ ಗೊತ್ತಾಗುತ್ತದೆ. ಬಣ್ಣವೂ ತುಸು ಹಳದಿ ಬೆರೆತ ಬೂದು.

ಈ ವ್ಯತ್ಯಾಸ ಗಾಜಿನ ಲೋಟದವರೆಗೆ ಹೇಗೆ ಬರುತ್ತದೆ? ನೀರಿನ ಮೂಲಕ. ಮಣ್ಣಿನ "ಖನಿಜದ ರುಚಿ" ಬೇರಿನಿಂದ ಏರಿ ಹಣ್ಣಿಗೆ ಬರುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ, ಸಸ್ಯಶಾಸ್ತ್ರ ಓದಿದ ಯಾರೂ ಒಪ್ಪಲಾರರು. ಜೇಡಿ ನೀರನ್ನು ಹಿಡಿದಿಟ್ಟುಕೊಂಡು ಬಳ್ಳಿಗೆ ನಿಧಾನವಾಗಿ ಬಿಡುತ್ತದೆ. ಮರಳು ಹೆಚ್ಚಿನ ನೀರನ್ನು ಇಳಿಸಿಬಿಡುತ್ತದೆ, ನೆಲ ಬೇಗ ಬೆಚ್ಚಗಾಗುತ್ತದೆ. ಎರಡೂ ಹದವಾಗಿ ಸೇರಿದಲ್ಲಿ ಜುಲೈ ಕೊನೆಗೆ ಬಳ್ಳಿಗೆ ಸಣ್ಣಗೆ ಬಾಯಾರಿಕೆಯಾಗುತ್ತದೆ. ಕುಡಿ ಬೆಳೆಯುವುದನ್ನು ನಿಲ್ಲಿಸಿ ಶಕ್ತಿಯನ್ನು ಗೊಂಚಲಿಗೆ ಕೊಡುತ್ತದೆ. ಬಾಯಾರಿಕೆ ಅತಿಯಾದರೆ ಎಲೆ ಉದುರಿ ಹಣ್ಣು ಮಾಗುವುದೇ ನಿಂತುಹೋಗುತ್ತದೆ. ಬಾಯಾರಿಕೆಯೇ ಆಗದಿದ್ದರೆ ಸೊಪ್ಪು ಬೆಳೆದು ಹಣ್ಣು ನೀರಾಗುತ್ತದೆ. ಕನ್ನೂಬಿ ಈ ಎರಡು ತುದಿಗಳಿಗೂ ಹೋಗದ ಜಾಗ. ಅದರ ವೈನ್‌ನಲ್ಲಿ ಪರಿಮಳ ಬೇಗ ಬಿಚ್ಚಿಕೊಳ್ಳುತ್ತದೆ, ಒಗರು ನಯವಾಗಿರುತ್ತದೆ. ಸೆರ್ರಲುಂಗಾದ ಗಟ್ಟಿ ನೆಲದ ವೈನ್ ಎಳೆಯದಾಗಿದ್ದಾಗ ನಾಲಿಗೆಯನ್ನು ಹಿಡಿದೇ ಬಿಡುತ್ತದೆ, ಹತ್ತು ಹದಿನೈದು ವರ್ಷ ಕಾಯುವವರಿಗೆ ಅದು. ಯಾವುದು ಮೇಲು ಎಂದರೆ ನನ್ನ ಮತ ಸೆರ್ರಲುಂಗಾಕ್ಕೆ, ಆದರೆ ಅದು ನನ್ನ ನಾಲಿಗೆಯ ಮಾತು.

ತಿಕೋಟಾದ ಅಣ್ಣಾ, ನಿಮಗೆ ಉತ್ತರ. ಹೌದು, ಒಂದೇ ಚಾಟ್ನಿ, ಎಲೆ ಉದುರಿದ ಮೇಲೆ ಚಳಿಗಾಲದಲ್ಲಿ. ನೆಬ್ಬಿಯೋಲೋದ ಬುಡದ ಕಣ್ಣುಗಳು ಸಾಮಾನ್ಯವಾಗಿ ಹಣ್ಣು ಬಿಡುವುದಿಲ್ಲ, ಆದ್ದರಿಂದ ಉದ್ದನೆಯ ಕಡ್ಡಿಯೊಂದನ್ನು ಉಳಿಸಿ ತಂತಿಗೆ ಬಗ್ಗಿಸಿ ಕಟ್ಟುತ್ತಾರೆ. ಕಸಿಯೂ ಹೌದು. 19ನೇ ಶತಮಾನದಲ್ಲಿ ಅಮೆರಿಕದಿಂದ ಬಂದ ಫಿಲೋಕ್ಸೆರಾ ಎಂಬ ಬೇರುಹೇನು ಯುರೋಪಿನ ಬಳ್ಳಿಗಳ ಸ್ವಂತ ಬೇರನ್ನು ತಿಂದುಹಾಕಿತು, ಅಲ್ಲಿಂದ ಎಲ್ಲರೂ ಅಮೆರಿಕದ ಬೇರಿಗೆ ಶರಣು. ಇಲ್ಲಿ ಸುಣ್ಣವನ್ನು ತಾಳಿಕೊಳ್ಳುವ 420ಎ, ಕೋಬರ್ 5ಬಿಬಿ ಎಂಬ ಬೇರುತಳಿಗಳು ನಡೆಯುತ್ತವೆ. ಬೇರೆ ತಳಿಯ ಬೇರಾದರೆ ಸುಣ್ಣದ ನೆಲದಲ್ಲಿ ಕಬ್ಬಿಣ ಸಿಗದೆ ಎಲೆ ಹಳದಿಯಾಗುತ್ತದೆ, ನಿಮಗೂ ಗೊತ್ತಿರುವ ಕಾಯಿಲೆಯೇ. ನೀರು ಕಟ್ಟುವುದಿಲ್ಲ ಎಂಬುದೂ ನಿಜ. ಚಳಿಗಾಲದ ಹಿಮ, ವಸಂತದ ಮಳೆ ಆಳದ ಮಾರ್ಲ್‌ನಲ್ಲಿ ಉಳಿದಿರುತ್ತದೆ, ಬೇರು ಅಲ್ಲಿಗೆ ಇಳಿಯುತ್ತದೆ. ನಿಮ್ಮ ಗರಸು ನೆಲದಲ್ಲಿ, ಆ ಬಿಸಿಲಿನಲ್ಲಿ, ಇದನ್ನು ಪ್ರಯೋಗ ಮಾಡಲು ಹೋಗಬೇಡಿ.

ಕೊನೆಯದಾಗಿ ಬೆಲೆ. ಅದರಲ್ಲಿ ಮಣ್ಣಿನ ಪಾಲು ಎಷ್ಟು, ಹೆಸರಿನ ಪಾಲು ಎಷ್ಟು ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. "ಕನ್ನೂಬಿ 1752" ಎಂದು ಬರೆದ ಬಾಟಲಿಯೊಂದು ಬ್ರಾ ಊರಿನ ಕುಟುಂಬವೊಂದರಲ್ಲಿ ಉಳಿದಿದೆ; ವೈನಿಗೆ ಬರೋಲೋ ಎಂಬ ಹೆಸರು ನಿಲ್ಲುವ ಮೊದಲೇ ಈ ಗುಡ್ಡಕ್ಕೆ ಹೆಸರಿತ್ತು. ಹೆಸರಿಗೆ ಬೆಲೆ ಬಂದ ಮೇಲೆ ಗಡಿಯ ಜಗಳ ಬರದೆ ಇರುತ್ತದೆಯೇ? ದಿಣ್ಣೆಯ ನಡುಭಾಗ, ಸುಮಾರು 15 ಹೆಕ್ಟೇರ್, ಮೊದಲಿನಿಂದ ಬರೀ ಕನ್ನೂಬಿ. ಅಕ್ಕಪಕ್ಕದ ಬೊಸ್ಕಿಸ್, ಮುಸ್ಕಾತೆಲ್, ಸಾನ್ ಲೊರೆಂಜೋ, ವಲ್ಲೆತ್ತಾ ತುಂಡುಗಳಿಗೆ ಕನ್ನೂಬಿಯ ಜೊತೆ ಅವುಗಳ ಸ್ವಂತ ಹೆಸರೂ ಸೇರಿತ್ತು. 2010ರಲ್ಲಿ ಬರೋಲೋದ ಎಲ್ಲ ತೋಟಗಳ ಗಡಿಗಳನ್ನು ಕಾನೂನಿನಲ್ಲಿ ಬರೆದಾಗ ಈ ತುಂಡುಗಳೂ ಬರೀ ಕನ್ನೂಬಿ ಎಂದು ಹಾಕಿಕೊಳ್ಳಬಹುದು ಎಂದಾಯಿತು. ನಡುಭಾಗದ ಬೆಳೆಗಾರರು ನ್ಯಾಯಾಲಯಕ್ಕೆ ಹೋದರು. 2012ರಲ್ಲಿ ಗೆದ್ದರು, 2013ರಲ್ಲಿ ಮೇಲಿನ ನ್ಯಾಯಪೀಠದಲ್ಲಿ ಸೋತರು. ಈಗ ಸುಮಾರು 34 ಹೆಕ್ಟೇರಿಗೆ ಆ ಹೆಸರು ಸಲ್ಲುತ್ತದೆ. ತೀರ್ಪಿನಿಂದ ಒಂದು ಹಿಡಿ ಮರಳೂ ಆಚೀಚೆ ಆಗಲಿಲ್ಲ.

ಅದೇ ಬೊಸ್ಕಿಸ್ ತುಂಡಿನ ಖ್ಯಾತ ಉತ್ಪಾದಕ ಲುಚಿಯಾನೋ ಸಾಂದ್ರೋನೆ 2013ರ ಬೆಳೆಯಿಂದ ಕನ್ನೂಬಿ ಹೆಸರನ್ನೇ ಬಿಟ್ಟು ಮೊಮ್ಮಕ್ಕಳ ಹೆಸರುಗಳನ್ನು ಕೂಡಿಸಿ "ಅಲೆಸ್ತೆ" ಎಂದು ಇಟ್ಟರು. ಬಾರ್ತೊಲೋ ಮಸ್ಕರೆಲ್ಲೋ ಎಂಬ ಹಳಬರಂತೂ ಕನ್ನೂಬಿಯ ಹಣ್ಣನ್ನು ಬೇರೆ ಮೂರು ತೋಟಗಳ ಹಣ್ಣಿನೊಂದಿಗೆ ಬೆರೆಸಿಯೇ ವೈನ್ ಮಾಡುತ್ತಿದ್ದರು. ಒಂದೇ ತೋಟ ಎಲ್ಲ ವರ್ಷವೂ ಪೂರ್ಣವಾಗಿರುವುದಿಲ್ಲ ಎಂಬುದು ಹಳೆಯ ಬರೋಲೋದವರ ನಿಲುವು. ಅವರ ಮನೆಯ ವೈನ್ ಇವತ್ತಿಗೂ ಹಾಗೆಯೇ ತಯಾರಾಗುತ್ತದೆ, ಬೆಲೆಯಲ್ಲಿ ಯಾವ ಕನ್ನೂಬಿಗೂ ತಲೆ ಬಾಗುವುದಿಲ್ಲ.

---

ದಾವಣಗೆರೆಯವ (ಟುರಿನ್)

ಇಷ್ಟು ಸಿಗುತ್ತದೆ ಎಂದು ಎಣಿಸಿರಲಿಲ್ಲ. ಸೈನ್ ಲೆಕ್ಕ ಹಾಕಿ ನೋಡಿದೆ, 1.41 ಬಂತು, ಸರಿಯಿದೆ. ಇನ್ನೊಂದೇ ಪ್ರಶ್ನೆ. ಇದೆಲ್ಲ ತಂಪು ದೇಶದಲ್ಲಿ ಬಿಸಿಲನ್ನು ಕೂಡಿಟ್ಟುಕೊಳ್ಳುವ ಉಪಾಯ ಎಂದಾಯಿತು. ಈಗ ಟುರಿನ್‌ನಲ್ಲೇ ಬೇಸಿಗೆಯಲ್ಲಿ ಫ್ಯಾನ್ ಇಲ್ಲದೆ ಮಲಗಲಾಗುವುದಿಲ್ಲ. ಹಿಮ ಮೊದಲು ಕರಗುವ ಜಾಗವೇ ಒಳ್ಳೆಯ ಜಾಗ ಎಂಬ ಮಾತು ಇನ್ನೂ ನಡೆಯುತ್ತದೆಯೇ? ಮತ್ತೆ ಹೋದರೆ ಎಲ್ಲಿ ನಿಂತು ನೋಡಬೇಕು?

---

ಮಲೆನಾಡು ಅಲ್ಬಾ

ಮೊದಲು ಸುಲಭದ್ದು. ಲಾ ಮೋರ್ರಾದ ಚೌಕದಲ್ಲಿ ನೋಟದ ಕಟ್ಟೆಯಿದೆ, ಅಲ್ಲಿ ನಿಲ್ಲಿ. ಕನ್ನೂಬಿ ಕೆಳಗೆ ಇಡಿಯಾಗಿ ಕಾಣುತ್ತದೆ. ಅಕ್ಟೋಬರ್ ಬೆಳಿಗ್ಗೆಯಾದರೆ ಕಣಿವೆಯಲ್ಲಿ ಮಂಜು ಎಲ್ಲಿಯವರೆಗೆ ತುಂಬಿದೆ, ಎಲ್ಲಿಂದ ಮೇಲೆ ಬಳ್ಳಿ ಬಿಸಿಲಿಗೆ ಬಂದಿದೆ ಎಂಬ ಗೆರೆಯನ್ನೇ ನೋಡಬಹುದು. ಆಮೇಲೆ ಬರೋಲೋಗೆ ಇಳಿದು ದಿಣ್ಣೆಯ ನೆತ್ತಿಯ ದಾರಿಯಲ್ಲಿ ನಡೆಯಿರಿ. ಸಾಲುಗಳೊಳಗೆ ಕಾಲಿಡುವ ಮೊದಲು ಯಾರನ್ನಾದರೂ ಕೇಳಿ. ಹಣ್ಣು ಕೀಳುವ ಪ್ರವಾಸಿಗರ ಮೇಲೆ ಇಲ್ಲಿನವರಿಗೆ ಸಿಟ್ಟು ಬಹಳ.

ನಿಮ್ಮ ಮೊದಲ ಪ್ರಶ್ನೆಯೇ ಈಗ ನಮ್ಮ ಮಾಳಿಗೆಯಲ್ಲೂ ಊಟದ ಮೇಜಿನ ಮಾತು. 2003ರ ಬೇಸಿಗೆ ಮೊದಲ ಪೆಟ್ಟು ಕೊಟ್ಟಿತು, 2017 ಮತ್ತು 2022ರ ಬರ ಅದನ್ನು ನೆನಪಿಸಿದವು. ಬಿಸಿಯಾದ ವರ್ಷಗಳಲ್ಲಿ ಸೆಪ್ಟೆಂಬರ್‌ನಲ್ಲೇ ನೆಬ್ಬಿಯೋಲೋ ಕೊಯ್ಲು ಶುರುವಾಗುತ್ತದೆ. ಹಿಂದೆ ಹಣ್ಣಿಗೆ ಸಾಕಷ್ಟು ಸಕ್ಕರೆ ಬರಲಿ ಎಂದು ಹರಕೆ ಹೊರುತ್ತಿದ್ದವರು ಈಗ ಆಲ್ಕೋಹಾಲ್ ಶೇಕಡ 14.5ಕ್ಕಿಂತ ಮೇಲೆ ಹೋಗದಿರಲಿ ಎನ್ನುತ್ತಾರೆ. ಗೊಂಚಲಿನ ಮುಂದಿನ ಎಲೆ ಕೀಳುವುದು ಮೊದಲು ಕಡ್ಡಾಯದ ಕೆಲಸವಾಗಿತ್ತು. ಈಗ ಬೆಳಗಿನ ಬಿಸಿಲಿನ ಬದಿಯಲ್ಲಿ ಮಾತ್ರ ಕಿತ್ತು, ಮಧ್ಯಾಹ್ನದ ಬದಿಯಲ್ಲಿ ನೆರಳಿಗೆ ಬಿಡುತ್ತೇವೆ. ಸಾಲಿನ ನಡುವೆ ಹುಲ್ಲು ಬಿಟ್ಟಿರುತ್ತೇವೆ, ಅದು ಜಡಿಮಳೆಗೆ ಮಣ್ಣು ಕೊಚ್ಚಿಹೋಗದಂತೆ. 1994ರ ನವೆಂಬರ್ ಪ್ರವಾಹದಲ್ಲಿ ಲಾಂಗೆಯ ಗುಡ್ಡಗಳು ಎಷ್ಟು ಕಡೆ ಕುಸಿದವು ಎಂಬುದನ್ನು ಯಾರೂ ಮರೆತಿಲ್ಲ. ಆದರೆ ಬರ ಬಂದರೆ ಆ ಹುಲ್ಲು ಬಳ್ಳಿಯ ನೀರನ್ನೇ ಕುಡಿಯುತ್ತದೆ, ಹಾಗಾಗಿ ಒಂದು ಸಾಲು ಬಿಟ್ಟು ಒಂದು ಸಾಲು ಉಳುತ್ತೇವೆ.

ಜಾಗದ ಲೆಕ್ಕವೂ ತಿರುಗುತ್ತಿದೆ. "ಅಲ್ಲಿ ಹಣ್ಣಾಗುವುದಿಲ್ಲ" ಎಂದು ನಕ್ಕು ಬಿಟ್ಟಿದ್ದ ಎತ್ತರದ, ತಂಪು ತುಂಡುಗಳನ್ನು ಈಗ ಕೊಳ್ಳುವವರಿದ್ದಾರೆ. ಬರೋಲೋದ ನಿಯಮದಲ್ಲಿ 540 ಮೀಟರ್ ಎಂಬ ಮೇಲ್ಮಿತಿ ಇದೆ. ಉತ್ತರದ ಇಳಿಜಾರನ್ನೂ ಒಳಗೆ ಬಿಡಬೇಕೇ ಎಂಬ ಚರ್ಚೆ ಎದ್ದು ಬೆಳೆಗಾರರು ಎರಡು ಗುಂಪಾಗಿದ್ದಾರೆ. ನನ್ನ ಮಾಲೀಕರು ಬೇಡ ಎನ್ನುವ ಗುಂಪು, ನಾನು ಆಗಲಿ ಎನ್ನುವ ಗುಂಪು. ಸಂಬಳ ಕೊಡುವವರು ಅವರಾದ್ದರಿಂದ ವಾದ ಊಟದ ಹೊತ್ತಿಗೆ ಮಾತ್ರ. ಕನ್ನೂಬಿಗೆ ಸದ್ಯಕ್ಕೆ ಆಗ್ನೇಯದ ಮುಖ ಕೈ ಹಿಡಿದಿದೆ, ಮಧ್ಯಾಹ್ನದ ಅತಿ ಬಿಸಿ ಹೊತ್ತಿನಲ್ಲಿ ಸೂರ್ಯ ಓರೆಯಾಗಿರುತ್ತಾನೆ. ಆದರೆ ಮರಳು ಹೆಚ್ಚಿರುವ ತುಂಡುಗಳಲ್ಲಿ 2022ರಂಥ ವರ್ಷ ಎಳೆಯ ಬಳ್ಳಿಗಳು ಬಾಡುತ್ತವೆ, ಆಳಕ್ಕೆ ಬೇರು ಬಿಟ್ಟ ಹಳೆಯ ಬಳ್ಳಿಗಳು ತಡೆದುಕೊಳ್ಳುತ್ತವೆ. ಹೋದಾಗ ಆಗಸ್ಟ್ ತಿಂಗಳಾಗಿದ್ದರೆ ಎರಡೂ ಅಕ್ಕಪಕ್ಕದಲ್ಲಿರುವ ಸಾಲುಗಳನ್ನು ಹುಡುಕಿ, ಬುಡದ ಎಲೆಗಳನ್ನು ನೋಡಿ. ಹಳದಿಯಾಗಿದ್ದರೆ ನೀರು ಎಲ್ಲಿಯವರೆಗೆ ಇಳಿದಿದೆ ಎಂದು ತಿಳಿಯುತ್ತದೆ.